ಲಿಂಬೆಹಣ್ಣು ನಾಪಾಸು ಮಾಡಿದ ಒಂಬತ್ತು ಫೋನುಗಳು

ನಾನು ಈಗ ಹೇಳುವುದನ್ನು ನೀವು ನಂಬುವುದಿಲ್ಲ. ಬೇಜಾರಿಲ್ಲ. ನನ್ನ ಮಾತು ನಂಬದವರ ಸಾಲು ನಮ್ಮ ಮನೆಯಿಂದಲೇ ಶುರುವಾಗುತ್ತದೆ, ನೀವು ಹಿಂದೆ ಬಂದು ನಿಂತುಕೊಳ್ಳಿ. ಪುಣೆಯಲ್ಲಿ, ಮಾರ್ಕೆಟ್ ಯಾರ್ಡಿನ ಈರುಳ್ಳಿ ಲಾರಿಗಳ ಹಾರ್ನಿಗೆ ಕಿಟಕಿಯ ಗಾಜು ನಡುಗುವ ನಮ್ಮ ಬಿಲ್ಡಿಂಗಿನ ನೆಲಮಹಡಿಯಲ್ಲಿ ಒಬ್ಬ ಹೆಂಗಸು ಇದ್ದರು. ಒಂದು ಲಿಂಬೆಹಣ್ಣು, ಒಂದು ಹಸಿಮೆಣಸಿನಕಾಯಿ, ಒಂದು ಸುಣ್ಣದ ಡಬ್ಬಿ, ಇಷ್ಟೇ ಸಾಮಾನು ಇಟ್ಟುಕೊಂಡು ಐದು ತಿಂಗಳಲ್ಲಿ ಅವರು ಒಂಬತ್ತು ಸ್ಮಾರ್ಟ್‌ಫೋನುಗಳನ್ನು ನಾಪಾಸು ಮಾಡಿದರು. ಅದರಲ್ಲಿ ಒಂದು ಫೋನಿನ ಬೆಲೆಗೆ ಅವರ ಇಡೀ ಅಡುಗೆಮನೆ, ಫ್ರಿಜ್ಜು ಮಿಕ್ಸರು ಸಮೇತ, ಎರಡು ಸಲ ಬರುತ್ತಿತ್ತು. ಯಾವುದೋ ದೇಶದ ನೂರಾರು ಇಂಜಿನಿಯರುಗಳು ವರ್ಷಗಟ್ಟಲೆ ನಿದ್ದೆಗೆಟ್ಟು ಮಾಡಿದ ಕ್ಯಾಮೆರಾವನ್ನು ಅವರು ಹತ್ತು ಸೆಕೆಂಡು ನೋಡಿ, ನಾಲಿಗೆಯಲ್ಲಿ ಒಂದು 'ತ್ಚ್' ಹೊಡೆದು, ನನ್ನ ಕೈಗೆ ವಾಪಸು ಕೊಡುತ್ತಿದ್ದರು.

"ಇದೂ ಸುಳ್ಳಬುರುಕ. ಒಯ್ಯಿ."

ಅಂಬಕ್ಕ ಮಾವಶಿ. ಸಂಬಂಧದಲ್ಲಿ ನನಗೆ ಏನೂ ಅಲ್ಲ. ಬಿಲ್ಡಿಂಗಿನ ಮರಾಠಿಯವರಿಗೂ ಮಾವಶಿ, ಅಂದರೆ ಚಿಕ್ಕಮ್ಮ, ನಮಗೂ ಮಾವಶಿ. ಆ ಒಂದು ಪದಕ್ಕೆ ಮಾತ್ರ ನಾವು ಬಾಗಿಲು ದಾಟುವಾಗ ಭಾಷೆ ಬದಲಿಸಬೇಕಾಗಿರಲಿಲ್ಲ. ಎತ್ತರ ನಾಲ್ಕಡಿ ಹತ್ತಿಂಚು. ದನಿ ಆರಡಿ. ಅವರು ನೆಲಮಹಡಿಯಲ್ಲಿ ಕೆಮ್ಮಿದರೆ ಮೂರನೇ ಮಹಡಿಯ ನಮ್ಮ ಮನೆಯಲ್ಲಿ ಅವ್ವ ಕಷಾಯಕ್ಕೆ ನೀರಿಡುತ್ತಿದ್ದಳು. ಮೂಗಿನ ಎರಡೂ ಕಡೆ ಮೂಗುತಿ, ಮೂಗಿನ ನಡುವೆ ಜಾರುವ ಚಾಳೀಸು. ಆ ಕನ್ನಡಕದ ಒಂದು ಕಾಲು ಮುರಿದು ಅಲ್ಲಿಗೆ ಹೊಲಿಗೆ ದಾರ ಸುತ್ತಿತ್ತು. ದಾರ ಮಾತ್ರ ಉಟ್ಟ ಸೀರೆಯ ಬಣ್ಣಕ್ಕೆ ಹೊಂದುವಂತೆ ಆಗಾಗ ಬದಲಾಗುತ್ತಿತ್ತು. ಇದನ್ನು ನಾನು ಹಿಗ್ಗಿಸಿ ಹೇಳುತ್ತಿಲ್ಲ. ದನಿಯ ವಿಷಯದಲ್ಲಿ ಸ್ವಲ್ಪ ಹಿಗ್ಗಿಸಿದೆ.

ಇಳಕಲ್ ಕಡೆಯ ಹೆಣ್ಣುಮಗಳು. ಮದುವೆಯಾಗಿ ಪುಣೆಗೆ ಬಂದವರು, ಗಂಡ ತೀರಿಕೊಂಡ ಮೇಲೆ ಊರಿಗೆ ಹೋಗದೆ ಮುಂದಿನ ಕೋಣೆಯಲ್ಲಿ ಎರಡು ಕಬ್ಬಿಣದ ಕಪಾಟು ಇಟ್ಟು ಇಳಕಲ್ ಸೀರೆ ಮಾರಲು ಕೂತರು. ಹದಿನೆಂಟು ವರ್ಷ ಹಾಗೇ ಕೂತಿದ್ದರು. ಬೋರ್ಡಿಲ್ಲ, ಅಂಗಡಿಯಿಲ್ಲ. ಊರಿನ ನೇಕಾರರು ಬಸ್ಸಿನಲ್ಲಿ ಗಂಟು ಕಳಿಸುತ್ತಿದ್ದರು. ಮಾವಶಿ ಫೋಟೋ ತೆಗೆದು ಗಿರಾಕಿಗಳ ಫೋನಿಗೆ ಹಾಕುತ್ತಿದ್ದರು. ಬಣ್ಣಕ್ಕೆ ಅವರು ಹೇಳುವ ಹೆಸರುಗಳನ್ನು ಕೇಳಿದರೆ ಹಸಿವಾಗುತ್ತಿತ್ತು: ದಾಳಿಂಬರಿ, ಬದನೀಕಾಯಿ, ಜೋನಿಬೆಲ್ಲ. ಬದನೀಕಾಯಿಯಲ್ಲೂ ಎರಡು, ಗಿಡದಾಗಿಂದು ಒಂದು, ಮೂರು ದಿನ ಸಂತ್ಯಾಗ ಕೂತಿದ್ದು ಒಂದು. ಎರಡನ್ನೂ ಪಕ್ಕಪಕ್ಕ ಇಟ್ಟು "ಫರಕ ಹೇಳು" ಎಂದು ನನ್ನನ್ನು ಕೇಳುತ್ತಿದ್ದರು. ನಾನು ಎರಡೂ ಒಂದೇ ಎಂದರೆ "ಖೋಡಿ, ನಿನ್ನ ಕಣ್ಣೋ ಗುಂಡಿಯೋ?" ಎನ್ನುತ್ತಿದ್ದರು.

ಲಿಂಬೆಹಣ್ಣಿನ ಸಂಗತಿ ಬರುವುದು ಇಲ್ಲಿ. ಫೋಟೋ ತೆಗೆಯುವಾಗ ಸೀರೆಯ ಸೆರಗಿನ ಮೇಲೆ ಅವರು ಆ ಮೂರು ಸಾಮಾನು ಇಡುತ್ತಿದ್ದರು. ಮೊದಮೊದಲು ನಾನು ದೃಷ್ಟಿ ತೆಗೆಯಲಿಕ್ಕೆ ಎಂದುಕೊಂಡಿದ್ದೆ. ಒಂದು ದಿನ ಕೇಳಿಯೇಬಿಟ್ಟೆ.

"ದೃಷ್ಟಿ ನಿನಗ ತಗೀಬೇಕು, ಮಬ್ಬ," ಎಂದರು. "ಲಿಂಬಿಹಣ್ಣ, ಮೆಣಸಿನಕಾಯಿ, ಸುಣ್ಣ ಎಲ್ಲಾರ ಮನ್ಯಾಗೂ ಇರ್ತಾವಲ್ಲ? ಗಿರಾಕಿ ತನ್ನ ಮನ್ಯಾಗಿನ ಲಿಂಬಿಹಣ್ಣ ತಂದು ಫೋಟೋದ ಬಾಜೂಕ ಹಿಡದು ನೋಡ್ಲಿ. ಎರಡೂ ಒಂದಽ ಕಂಡ್ವು ಅಂದ್ರ ಸೀರಿ ಬಣ್ಣಾನೂ ಖರೆ. ಇಲ್ಲಾಂದ್ರ ಫೋಟೋ ಸುಳ್ಳು. ಅಂಬಕ್ಕ ಸುಳ್ಳಲ್ಲ."

ದೊಡ್ಡ ದೊಡ್ಡ ಸ್ಟುಡಿಯೋದವರು ಬಣ್ಣ ಸರಿಮಾಡಲು ಒಂದು ಚೌಕುಳಿ ಹಲಗೆ ಹಿಡಿಯುತ್ತಾರೆ. ಅದರ ಬೆಲೆ ಕೇಳಿದರೆ ನಿಮಗೆ ಜ್ವರ ಬರುತ್ತದೆ. ಮಾವಶಿ ಅದೇ ಕೆಲಸವನ್ನು ಎರಡು ರೂಪಾಯಿಯಲ್ಲಿ ಮಾಡಿ, ಮುಗಿದ ಮೇಲೆ ಹಲಗೆಯನ್ನು ಸಾರಿಗೆ ಹಿಂಡುತ್ತಿದ್ದರು.

ಇನ್ನು ನನ್ನ ವಿಷಯ. ಹೆಸರು ವಿನಾಯಕ. ಮಾವಶಿಯ ಬಾಯಲ್ಲಿ ವಿನ್ಯಾ. ಆಗ ಹದಿನಾರು ವರ್ಷ, ಹನ್ನೊಂದನೇ ಕ್ಲಾಸಿನಲ್ಲಿ ಸೈನ್ಸು ಓದುತ್ತಿದ್ದೆ ಎಂಬುದು ಅವ್ವನ ನಂಬಿಕೆ. ನನ್ನ ಅಸಲಿ ಉದ್ಯೋಗ ಫೋನುಗಳ ಕ್ಯಾಮೆರಾ ಹೋಲಿಸಿ ವಿಡಿಯೋ ಹಾಕುವುದು. ನನ್ನ ಚಾನಲ್ಲಿಗೆ ಇನ್ನೂರ ಹದಿನಾಲ್ಕು ಜನ ಚಂದಾದಾರರು. ಅದರಲ್ಲಿ ಮೂವರು ನಾನೇ. ಇನ್ನೊಬ್ಬರು ಮಾವಶಿ. ನನಗೆ ಸ್ಟ್ಯಾಂಡ್ ಇಲ್ಲ ಎಂದು ಗೊತ್ತಾದಾಗ ಅವರು ತಮ್ಮ ಹಿತ್ತಾಳೆಯ ಸೇರಿಗೆ ಜೋಳ ತುಂಬಿ, ಅದರಲ್ಲಿ ಫೋನು ನೆಟ್ಟು ತೋರಿಸಿದರು. ಫೋನು ಅಲ್ಲಾಡಲಿಲ್ಲ. ಜಗತ್ತಿನಲ್ಲಿ ಯಾವ ಚಾನಲ್ಲಿನವನ ಹತ್ತಿರವೂ ಅಂಥ ಸ್ಟ್ಯಾಂಡ್ ಇಲ್ಲ ಎಂದು ನಾನು ಬೆಟ್ ಕಟ್ಟುತ್ತೇನೆ. ವಿಡಿಯೋ ಮುಗಿದ ಮೇಲೆ ಜೋಳದ ಕಾಳು ಚಾರ್ಜಿಂಗಿನ ತೂತಿನಲ್ಲಿ ಸಿಕ್ಕಿಕೊಂಡಿರುತ್ತಿತ್ತು. ಅದು ಬೇರೆ.

ಎಲ್ಲ ಶುರುವಾದದ್ದು ಶ್ರಾವಣದಲ್ಲಿ, ಪುಣೆಯ ಕ್ಯಾಂಪ್ ಭಾಗದಿಂದ ಮರಾಠಿ ಗಿರಾಕಿ ಹೆಂಗಸೊಬ್ಬರು ರಿಕ್ಷಾ ಮಾಡಿಕೊಂಡು ಸೀರೆ ವಾಪಸು ತಂದ ದಿನ. ನಾನು ಅಲ್ಲೇ ಕೂತು ಮಾವಶಿಯ ಚಕ್ಕಲಿ ತಿನ್ನುತ್ತಿದ್ದೆ.

"ಹಿರವೀ ಸಾಂಗಿತಲೀ ಹೋತೀ, ಮಾವಶಿ. ಹೀ ತರ ನಿಳೀ ಆಹೇ," ಎಂದರು ಆ ಹೆಂಗಸು, ಮೆತ್ತಗೆ. ಹಸಿರು ಹೇಳಿದ್ದೆ, ಇದು ನೀಲಿ.

ಮಾವಶಿ ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದರು. ಆಮೇಲೆ ಫೋನು ತೆಗೆದು ಫೋಟೋ ನೋಡಿದರು. ನನ್ನ ಮುಂದೆ ಹಿಡಿದರು.

"ಹಸರಽ ಅದಲ್ಲೋ ವಿನ್ಯಾ?"

ನನಗೆ ನೀಲಿ ಕಂಡಿತು. ಆದರೆ ನಾನು ತಜ್ಞ. ತಜ್ಞನಾದವನು ಕಂಡದ್ದನ್ನು ಹೇಳುವುದಿಲ್ಲ, ಕಂಡದ್ದಕ್ಕೆ ಕಾರಣ ಹೇಳುತ್ತಾನೆ. ಚಕ್ಕಲಿ ನುಂಗಿ, "ಹಳೀ ಫೋನ್ರಿ ಮಾವಶಿ, ವೈಟ್ ಬ್ಯಾಲೆನ್ಸ್ ಹೋಗ್ಯದ. ನೀಲಿ ಹಸರ ಆಗತದ, ಹಸರ ನೀಲಿ ಆಗತದ" ಎಂದೆ. ಅದೇ ಮಾತನ್ನು ಆ ಹೆಂಗಸಿಗೆ ಮರಾಠಿಯಲ್ಲಿ, ಇನ್ನಷ್ಟು ಇಂಗ್ಲಿಷು ಬೆರೆಸಿ ಹೇಳಿದೆ. ಅವರು ಬೇರೆ ಸೀರೆ ತೆಗೆದುಕೊಂಡು ಹೊರಟರು. ಹೊಸ್ತಿಲಾಚೆ ಚಪ್ಪಲಿ ಹಾಕಿಕೊಳ್ಳುವಾಗ ಫೋನಿನಲ್ಲಿ ಯಾರಿಗೋ, "ಮಾವಶೀಂಚ ವಯ ಝಾಲ ಆತಾ" ಎಂದರು. ಮಾವಶಿಗೆ ವಯಸ್ಸಾಯಿತು.

ಮಾವಶಿ ಕೇಳಿಸಿಕೊಂಡರು. ವಾಪಸು ಬಂದ ಸೀರೆಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ಹದಿನೆಂಟ ವರ್ಷದಾಗ ಒಂದ ಸೀರಿ ತಿರಗಿ ಬಂದಿದ್ದಿಲ್ಲ," ಎಂದರು. "ನನಗೇನ ದುಕಾನ ಅದ ಏನು, ಗಾದಿ ಅದ ಏನು? ಅಂಬಕ್ಕ ಹಸರ ಅಂದ್ರ ಹಸರು ಅಂತ ಮಂದಿ ನಂಬತಾರ, ಅದಽ ನನ್ನ ದುಕಾನ. ಅದ ಹೋದ್ರ ನಾ ಇಲ್ಲಿ ಯಾಕ ಇರ್ಬೇಕು? ಮಗಳ ಮನಿ ಮೂಲ್ಯಾಗ ಹೋಗಿ ಕುಂಡ್ರೂದು. ವಿನ್ಯಾ, ಖರೆ ಬಣ್ಣ ಹೇಳೂ ಫೋನ್ ಯಾವ್ದದ, ಹುಡುಕಿ ಕೊಡು."

ಮಗಳು ಬೆಳಗಾವಿಯಲ್ಲಿದ್ದಳು. ಒಳ್ಳೆಯವಳೇ. ಆದರೆ ಮಾವಶಿ ಮಗಳ ಮನೆಯ ಮೂಲೆಯನ್ನು ನೆನೆಸಿಕೊಂಡಾಗ ಅವರ ಆರಡಿ ದನಿ ಎರಡಡಿಗೆ ಇಳಿಯುತ್ತಿತ್ತು.

ಮೊದಲ ಪರೀಕ್ಷೆ ನಮ್ಮ ಗಚ್ಚಿಯ ಮೇಲೆ, ಬಿಲ್ಡಿಂಗಿನ ತಾರಸಿಯಲ್ಲಿ, ನಡೆಯಿತು. ಮುಸ್ಸಂಜೆ, ಒಗೆದ ಬಟ್ಟೆಗಳ ನಡುವೆ ಒಂದು ಸೀರೆ ಹರಡಿ, ಲಿಂಬೆಹಣ್ಣು ಮೆಣಸಿನಕಾಯಿ ಸುಣ್ಣ ಇಟ್ಟು, ನಾಲ್ಕು ಫೋನು ಸಾಲಾಗಿ ಜೋಡಿಸಿದೆ. ಮಾವಶಿಯದು, ನನ್ನದು, ಅವ್ವನದು. ನಾಲ್ಕನೆಯದು ಮೂಲೆಯ ಹೋಟೆಲಿನ ಶೆಟ್ಟಿ ಅಣ್ಣನದು. ಅವರು ಕುಂದಾಪುರದ ಕಡೆಯವರು. ಫೋನನ್ನು ಕೊಟ್ಟು ಸುಮ್ಮನಿರಲಾರದೆ, ಗಲ್ಲಾಕ್ಕೆ ತಮ್ಮನನ್ನು ಕೂರಿಸಿ ತಾವೂ ಹತ್ತಿ ಬಂದಿದ್ದರು.

"ಎಂತ ಮಾರಾಯ, ಲಿಂಬೆಹಣ್ಣಿನ ಫೋಟೋ ತೆಗಿಲಿಕ್ಕೆ ನನ್ನ ಫೋನಾ? ಇದ್ರಲ್ಲಿ ಚಂದ್ರನ ಗುಂಡಿ ಕಾಣ್ತದೆ, ಗೊತ್ತುಂಟಾ?"

"ಚಂದ್ರನ್ನ ನಾ ಮಾರಂಗಿಲ್ರಿ ಶೆಟ್ರ," ಎಂದರು ಮಾವಶಿ. "ಸೀರಿ ಮಾರ್ತೀನಿ."

ನಾನು ವಿಡಿಯೋ ಹಚ್ಚಿದೆ. ಮಾವಶಿ ಒಂದೊಂದೇ ಫೋನನ್ನು ಮೂಗಿನ ಹತ್ತಿರ ಒಯ್ದು ನೋಡಿದರು. ಗಚ್ಚಿಯ ಬಲ್ಬು ಹೊತ್ತಿತ್ತು.

"ಇದರಾಗ ದೀಪದ ಸುತ್ತ ಬಳಿ ತೊಡಿಸಿದಂಗ ಕಾಣ್ತದ. ಬಣ್ಣಬಣ್ಣದ ಬಳಿ."

ನಾನು ಬಗ್ಗಿ ನೋಡಿದೆ. ಬಲ್ಬು ಇತ್ತು. ಬಳೆ ಇರಲಿಲ್ಲ. "ಹೌದ್ರಿ," ಎಂದೆ. "ಅದಕ್ಕ ಫ್ಲೇರ್ ಅಂತಾರ. ಲೆನ್ಸಿನ ಮ್ಯಾಲಿನ ಲೇಪ ಹಲಕಾ ಇರತದ."

"ಎಡಗಡೆ ಮೂಲ್ಯಾಗ ಕತ್ತಲ ಕವದಂಗ ಅದ."

"ವಿಗ್ನೆಟಿಂಗ್ ಅಂತಾರ. ಮೂಲಿಗೆ ಬೆಳಕ ಮುಟ್ಟಂಗಿಲ್ಲ."

"ಎಲ್ಲಾ ಅರಿಷಿಣ ನೀರಾಗ ಅದ್ದಿ ತಗದಂಗ."

"ವೈಟ್ ಬ್ಯಾಲೆನ್ಸ್!"

ನನ್ನ ಹತ್ತಿರ ಪ್ರತಿಯೊಂದಕ್ಕೂ ಒಂದು ಇಂಗ್ಲಿಷು ಹೆಸರಿತ್ತು. ಸಂತೆಯಲ್ಲಿ ಬಳೆಗಾರ ಕೈ ನೋಡಿ ಅಳತೆ ಹೇಳುವ ಹಾಗೆ, ಮಾವಶಿ ಬಾಯಿ ತೆಗೆಯುವುದರೊಳಗೆ ನಾನು ಹೆಸರು ತೊಡಿಸಿಬಿಡುತ್ತಿದ್ದೆ. ಶೆಟ್ಟಿ ಅಣ್ಣ ಮಾತ್ರ ತಮ್ಮ ಫೋನನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು.

"ಇದ್ರಲ್ಲಿ ಎಂತ ಬಳೆಯೂ ಕಾಣುದಿಲ್ವಲ್ಲ ಮಾರಾಯ. ಮೂಲೆಯೂ ಸಮಾ ಉಂಟು."

"ಅಣ್ಣಾ, ನಿಮಗೆ ರೂಢಿ ಇಲ್ಲ," ಎಂದೆ, ಕ್ಯಾಮೆರಾದ ಕಡೆ ಹುಬ್ಬು ಹಾರಿಸುತ್ತ. "ಪಳಗಿದ ಕಣ್ಣಿಗೆ ಮಾತ್ರ ಕಾಣುತ್ತೆ."

ಶೆಟ್ಟಿ ಅಣ್ಣ ಪಾಪ, ದೋಸೆ ಪಳಗಿಸಿದ ಮನುಷ್ಯ. ಫೋನನ್ನು ವಾಪಸು ಸಾಲಿನಲ್ಲಿಟ್ಟರು. ಅಲ್ಲಿದ್ದ ಮೂವರಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದವರು ಅವರೊಬ್ಬರೇ. ಅವರ ಬಾಯನ್ನು ನಾನು ಮುಚ್ಚಿಸಿದೆ. ವಿಡಿಯೋದಲ್ಲಿ ಆ ಜಾಗಕ್ಕೆ ನಗುವಿನ ಸದ್ದು ಸೇರಿಸಿದೆ.

ಗಚ್ಚಿಯಿಂದ ಇಳಿಯುವಾಗ ಮಾವಶಿ ಗೋಡೆಗೆ ಕೈ ಊರಿ ಒಂದೊಂದೇ ಮೆಟ್ಟಿಲು ಇಳಿದರು. ಎರಡನೇ ಮಹಡಿಯ ತಿರುವಿನಲ್ಲಿ ನಿಂತರು.

"ವಿನ್ಯಾ, ಒಂದ ಮಾತ ಕೇಳ್ತೀನಿ. ನಗಬ್ಯಾಡ. ನನ್ನ ಚಾಳೀಸಽ ಕೆಟ್ಟಿರಬೇಕೇನೋ? ಮಗಳು ಬೆಳಗಾವಿಗೆ ಬಾ, ಡಾಕ್ಟರಿಗೆ ಕಣ್ಣ ತೋರ್ಸೂಣು ಅಂತ ಗಂಟ ಬಿದ್ದಾಳ."

"ಚಾಳೀಸ ಅಲ್ರಿ ಮಾವಶಿ, ಕ್ಯಾಮೆರಾ. ನಾನೂ ನೋಡಿದ್ನಲ್ಲ?"

"ನಿನಗೂ ಕಂಡ್ವು? ಬಳಿ?"

"ಕಂಡ್ವು."

"ಹಂಗಾರ ಸರಿ," ಎಂದರು. ಅವರ ದನಿ ಹಗುರಾಯಿತು. ಉಳಿದ ಮೆಟ್ಟಿಲುಗಳನ್ನು ಬೇಗ ಬೇಗ ಇಳಿದರು.

ಆ ತಿರುವಿನಲ್ಲಿ ಎರಡನೇ ಮಹಡಿಯವರ ಸೈಕಲ್ಲು, ಒಡೆದ ಕುಂಡ, ಒಂದು ಹಳೆ ಟಿವಿ ಇವೆ. ದಿನಕ್ಕೆ ನಾಲ್ಕು ಸಲ ನಾನು ಅಲ್ಲಿಂದ ಹತ್ತಿ ಇಳಿಯುತ್ತೇನೆ. ಆ 'ಹಂಗಾರ ಸರಿ' ಅಲ್ಲೇ ಇದೆ, ಯಾರೂ ತೆಗೆದಿಲ್ಲ.

ಗಣಪತಿ ಬಂದ, ಹೋದ. ದಸರೆ ಬಂತು. ನಾನು ಗೆಳೆಯರ, ಗೆಳೆಯರ ಅಣ್ಣಂದಿರ, ಟ್ಯೂಷನ್ ಸರ್ ಅವರ ಫೋನು ಬೇಡಿ ಬೇಡಿ ತಂದೆ. ಐದು, ಆರು, ಏಳು. ಎಲ್ಲದರಲ್ಲೂ ಬಳೆ, ಎಲ್ಲದರಲ್ಲೂ ಎಡಮೂಲೆಯ ಕತ್ತಲೆ, ಎಲ್ಲದರಲ್ಲೂ ಅರಿಶಿನ ನೀರು. "ಸುಳ್ಳಬುರುಕ. ಒಯ್ಯಿ." ನನ್ನ ಚಾನಲ್ಲಿನಲ್ಲಿ ಮಾವಶಿಯ ಆ ಎರಡು ಮಾತಿಗೆ ಜನ ಕಾಯತೊಡಗಿದರು. ಒಂದು ಸಲ ಅವರು ಬಶಿಯಲ್ಲಿದ್ದ ಕಪ್ಪಿನ ಪಕ್ಕಕ್ಕೆ ಚಹಾ ಸುರಿದರು. ಕಪ್ಪು ಇಲ್ಲಿ, ಚಹಾ ಅಲ್ಲಿ. ನಾನು "ಮಾವಶಿ, ಔಟ್ ಆಫ್ ಫೋಕಸ್!" ಎಂದು ಕೂಗಿದೆ. ಎಲ್ಲರಿಗಿಂತ ಹೆಚ್ಚು ನಕ್ಕವರು ಅವರೇ, ಚಹಾ ಒರೆಸುತ್ತ. ಇನ್ನೊಂದು ಸಲ ಬಾಗಿಲಲ್ಲಿದ್ದ ತುಳಸಿ ಕುಂಡಕ್ಕೆ ಎಡಗಾಲು ಬಡಿದು ಬೀಳುವುದರಲ್ಲಿದ್ದರು. "ಯಾರೋ ಈ ಕುಂಡ ಸರಿಸ್ಯಾರ ನೋಡು" ಎಂದು ಇಡೀ ಬಿಲ್ಡಿಂಗಿಗೆ ಬೈದರು. ಕುಂಡ ನಾನು ಹುಟ್ಟುವ ಮೊದಲಿನಿಂದ ಅಲ್ಲೇ ಇದೆ. ಅದೂ ವಿಡಿಯೋದಲ್ಲಿ ಬಂತು. ನನ್ನ ಎಲ್ಲ ವಿಡಿಯೋಗಳಲ್ಲಿ ಅತಿ ಹೆಚ್ಚು ಜನ ನೋಡಿದ್ದು ಅದನ್ನೇ.

ಇಲ್ಲಿ ನೀವು ಹಣೆ ಬಡಿದುಕೊಳ್ಳುತ್ತಿದ್ದೀರಿ, ನನಗೆ ಗೊತ್ತು. ಬೇರೆ ಬೇರೆ ಕಂಪನಿಯ ಒಂಬತ್ತು ಫೋನು ಒಂದೇ ತಪ್ಪು ಮಾಡುವುದಿಲ್ಲ. ಹೋಲಿಸುವವನು ಮೊದಲು ಕಲಿಯಬೇಕಾದ ಪಾಠ ಅದು: ಎಲ್ಲದರಲ್ಲೂ ಒಂದೇ ಕಲೆ ಕಂಡರೆ ಕಲೆ ಫೋನಿನದಲ್ಲ. ಬಳೆ ಇದ್ದದ್ದು ಮಾವಶಿಯ ಕಣ್ಣಿನಲ್ಲಿ. ಎಡಮೂಲೆಯ ಕತ್ತಲೆ ಅವರ ಎಡಗಣ್ಣಿನದು. ಅರಿಶಿನ ನೀರು ಕಣ್ಣಿನ ಪೊರೆಯದು. ಅವರು ಐದು ತಿಂಗಳು, ಮತ್ತೆ ಮತ್ತೆ, ಕ್ಯಾಮೆರಾದ ಎದುರು ಕೂತು, ತಮ್ಮ ಕಾಯಿಲೆಯ ಲಕ್ಷಣಗಳನ್ನು ಒಂದೊಂದಾಗಿ, ಡಾಕ್ಟರಿಗೆ ಹೇಳಬೇಕಾದಷ್ಟು ಸ್ಪಷ್ಟವಾಗಿ ನನಗೆ ಹೇಳಿದರು. ನಾನು ಪ್ರತಿಯೊಂದಕ್ಕೂ ಒಂದು ಹೆಸರಿಟ್ಟು ಕಳಿಸಿದೆ. ಬಳೆ ಕಾಣುತ್ತಿಲ್ಲ ಎಂದು ಒಂದೇ ಒಂದು ಸಲ ಹೇಳಿದ್ದರೆ ಸಾಕಿತ್ತು. ಅದಕ್ಕೆ ಇಂಗ್ಲಿಷು ಬೇಕಿರಲಿಲ್ಲ.

ಕೊನೆಗೂ ಸಂಕ್ರಾಂತಿಯ ನಂತರ ಮಾವಶಿಯ ಕಣ್ಣು ನೋಡಿದ ಬೆಳಗಾವಿಯ ಡಾಕ್ಟರು ಹೇಳಿದ್ದನ್ನು ಮಗಳು ಫೋನಿನಲ್ಲಿ ಅವ್ವನಿಗೆ ಹೇಳಿದಳು. ಅವ್ವ ಫೋನನ್ನು ಜೋರು ದನಿಗೆ ಹಾಕಿ, ನನ್ನನ್ನು ಎದುರಿಗೆ ಕೂರಿಸಿ ಕೇಳಿಸಿದಳು. ಪೊರೆ ತೆಗೆಯಬಹುದು. ಆದರೆ ಒಳಗೆ ಒತ್ತಡ ಏರಿ ಕಣ್ಣಿನ ನರ ಒಣಗಿದೆ, ಹೋದದ್ದು ಬರುವುದಿಲ್ಲ. ಶ್ರಾವಣದಲ್ಲೇ ಬಂದಿದ್ದರೆ ಇದ್ದಷ್ಟನ್ನು ಹಿಡಿದು ನಿಲ್ಲಿಸಬಹುದಿತ್ತು. ದಿನಾ ಹನಿ ಹಾಕಿದ್ದರೆ ಸಾಕಿತ್ತಂತೆ. ಹನಿ.

ಮಾವಶಿಯ ಕೋಣೆಯಲ್ಲಿ ಈಗ ಒಬ್ಬ ವಕೀಲರ ಗುಮಾಸ್ತ ಇದ್ದಾನೆ. ಕಪಾಟುಗಳು ಬೆಳಗಾವಿಗೆ ಹೋಗಲಿಲ್ಲ, ಗುಜರಿಯವನು ಒಯ್ದ. ಉಳಿದ ಸೀರೆಗಳನ್ನು ನೇಕಾರರಿಗೆ ತಿರುಗಿ ಕಳಿಸಿದರು. ಒಂದು ಸಲ, ಯುಗಾದಿಗೆ, ಮಾವಶಿ ನನ್ನ ಜೊತೆ ಮಾತಾಡಿದರು. ಬೈಯಲಿಲ್ಲ. "ನೀ ಸಣ್ಣ ಹುಡುಗ. ಕಣ್ಣ ನನ್ನವು, ನನಗಽ ತಿಳೀಬೇಕಿತ್ತು" ಎಂದರು. ಆಮೇಲೆ, "ಚಾನಲ್ ನಡಸ್ತೀಯೋ ಇಲ್ಲೋ? ನೋಡಲಿಕ್ಕಂತೂ ಆಗೂದಿಲ್ಲ, ಕೇಳ್ತೀನಿ" ಎಂದರು. ದನಿ ಎರಡಡಿ ಇತ್ತು. ಬೈದಿದ್ದರೆ ನಾನು ಅದನ್ನು ಹತ್ತು ಜನಕ್ಕೆ ಅಭಿನಯಿಸಿ ತೋರಿಸುತ್ತಿದ್ದೆ, ಹೊಟ್ಟೆ ಹುಣ್ಣಾಗುವ ಹಾಗೆ ನಗಿಸುತ್ತಿದ್ದೆ. ಇದನ್ನು ಏನು ಮಾಡಲಿ? ಚಾನಲ್ಲು ಮುಚ್ಚಿದ್ದೇನೆಂದು ಹೇಳಲಾಗಲಿಲ್ಲ. ನಡೆಸುತ್ತಿದ್ದೇನೆ ಎಂದೆ. ನೋಡಿ, ಅವರಿಗೆ ಹೇಳುವ ಸುಳ್ಳು ನನಗೆ ಇನ್ನೂ ಮುಗಿದಿಲ್ಲ.

ಕೊನೆಯ ದಿನದ ಕತೆ ಬಾಕಿ ಇದೆ. ಅದನ್ನು ಹೇಳದೆ ತಪ್ಪಿಸಿಕೊಳ್ಳಬಹುದೇ ಎಂದು ಇಷ್ಟೊತ್ತು ನೋಡಿದೆ.

ದೀಪಾವಳಿಗೆ ಮಗಳು ಟಿಕೆಟ್ ತೆಗೆಸಿ ಕಳಿಸಿದ್ದಳು. ಮಾವಶಿ ಹೋಗಲಿಲ್ಲ. "ಹಬ್ಬದಾಗ ಗಿರಾಕಿ ಬರ್ತಾರ. ಕಣ್ಣಿಗೇನೂ ಆಗಿಲ್ಲ, ವಿನ್ಯಾ ಎಲ್ಲಾ ತಪಾಸ ಮಾಡ್ಯಾನ" ಎಂದು ಫೋನಿನಲ್ಲಿ ಹೇಳಿದ್ದನ್ನು ನಾನೇ ಕೇಳಿದ್ದೆ, ಎದೆ ಉಬ್ಬಿಸಿಕೊಂಡು. ಸಂಕ್ರಾಂತಿ ಹತ್ತಿರ ಬಂದಾಗ ನನ್ನ ಮಾತು ಕೇಳಿ ಅವರು ಹೊಸ ಫೋನು ಕೊಂಡರು. ಅದು ಹತ್ತನೆಯದು. ಪರದೆ ಮೊರದಷ್ಟು ಅಗಲ, ಬೆಳಕು ಕಣ್ಣು ಕುಕ್ಕುವಷ್ಟು. ಮಾವಶಿಗೆ ಮೊದಲ ಸಲ ಒಂದು ಫೋನು ಹಿಡಿಸಿತು. "ಇದರಾಗ ಸ್ವಲ್ಪ ನಿಚ್ಚಳ ಅದ" ಎಂದರು.

ಹಬ್ಬಕ್ಕೆ ನಾಲ್ಕು ದಿನ ಇತ್ತು. ಬಾರಾಮತಿಯ ಹಳೆಯ ಗಿರಾಕಿಯೊಬ್ಬರು ಕಪ್ಪು ಸೀರೆ ಹೇಳಿದ್ದರು, ಕೆಂಪು ಅಂಚಿನದು. ಈ ಕಡೆ ಹೊಸ ಸೊಸೆಗೆ ಮೊದಲ ಸಂಕ್ರಾಂತಿಗೆ ಕಪ್ಪು ಉಡಿಸಿ, ಸಕ್ಕರೆ ಕುಸುರೆಳ್ಳಿನ ಒಡವೆ ತೊಡಿಸಿ ಕೂರಿಸುತ್ತಾರೆ.

"ವರ್ಷಪೂರಾ ಕರೀದು ಅಂದ್ರ ಬ್ಯಾಡ ಅಂತಾರ," ಎಂದರು ಮಾವಶಿ, ಕಪಾಟಿನೊಳಗಿನ ಸೀರೆಗಳ ಮಡಿಕೆ ಸವರುತ್ತ. "ಈ ಒಂದ ದಿನ ಕರೀದಽ ಬೇಕು. ಊರ ಮಂದಿ ಮುಂದ ಕುಂಡ್ರೂ ಹುಡುಗಿ. ಸೀರಿ ತಪ್ಪಿದ್ರ ಆಕಿ ಮಾರಿ ಸಣ್ಣದಾಗತದ, ನನ್ನ ಹೆಸರ ಬಾರಾಮತಿ ತುಂಬ ಹೋಗತದ. ಶ್ರಾವಣದಾಗ ಆಗಿದ್ದು ಮತ್ತ ಆಗಬಾರದು."

ಮಧ್ಯಾಹ್ನದ ಬಸ್ಸಿಗೆ ಪಾರ್ಸಲ್ ಹೋಗಬೇಕಿತ್ತು. ಅದಕ್ಕೂ ಮುಂಚೆ ನಾನು ಕೊನೆಯ ತೀರ್ಪಿನ ವಿಡಿಯೋ ಮಾಡಬೇಕೆಂದು ಹಠ ಹಿಡಿದಿದ್ದೆ. ಸೇರಿನ ಜೋಳದಲ್ಲಿ ನನ್ನ ಫೋನು ನೆಟ್ಟೆ. ಮಾವಶಿ ಕಪಾಟಿನಿಂದ ಸೀರೆ ತೆಗೆದು ಚಾಪೆಯ ಮೇಲೆ ಹರಡಿದರು. ಲಿಂಬೆಹಣ್ಣು ಇಟ್ಟರು, ಮೆಣಸಿನಕಾಯಿ ಇಟ್ಟರು. ಸುಣ್ಣದ ಡಬ್ಬಿ ಇಡುವಾಗ ಅದು ಸೀರೆಯ ಆಚೆ ನೆಲದ ಮೇಲೆ ಕೂತಿತು. ನಾನು ಎತ್ತಿ ಸರಿಯಾಗಿಟ್ಟೆ. ಹೊಸ ಫೋನಿನಲ್ಲಿ ಫೋಟೋ ತೆಗೆದು, ಮೂಗಿಗೆ ಹಚ್ಚಿ ನೋಡಿದರು.

"ಕಾಡಿಗಿ," ಎಂದರು. ಅವರ ಮುಖದಲ್ಲಿ ಶ್ರಾವಣದಿಂದ ಕಾಣದಿದ್ದ ನಗು. "ಕಾಡಿಗಿ ಹಂಗ ಕಪ್ಪು. ಇದೊಂದು ಖರೆ ಹೇಳಿತು ನೋಡು. ಪಾಸಾತು!"

ನಾನು ಜೋಳದಲ್ಲಿ ನೆಟ್ಟ ನನ್ನ ಪರದೆ ನೋಡಿದೆ. ನೀಲಿ. ಹೊಸ ಫೋನಿನ ಪರದೆ ನೋಡಿದೆ. ನೀಲಿ. ಎರಡನ್ನೂ ಬಿಟ್ಟು ಸೀರೆಯನ್ನೇ ನೋಡಿದೆ. ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದಿತ್ತು. ಕಡುನೀಲಿ, ಕೆಂಪು ಅಂಚು. ಕಪಾಟಿನಲ್ಲಿ ಕಪ್ಪು ಸೀರೆಯೂ ಇತ್ತು. ಅವರು ತೆಗೆದದ್ದು ಅದರ ಮೇಲೆ ಮಡಿಚಿಟ್ಟಿದ್ದ ಈ ಸೀರೆಯನ್ನು.

ಆಗ ಒಂದೊಂದೇ ಬಂದು ಸೇರಿಕೊಂಡವು. ಚಹಾ. ತುಳಸಿ ಕುಂಡ. ಗೋಡೆಗೆ ಊರಿದ ಕೈ. ಬಳೆ.

ಮಾವಶಿ ನನ್ನ ಕಡೆ ತಿರುಗಿದರು. ನನ್ನ ಕಡೆ ಎಂದರೆ, ನಾನು ಇರುವುದಕ್ಕಿಂತ ಒಂದು ಮೊಳ ಬಲಕ್ಕೆ.

"ಹೇಳೋ ವಿನ್ಯಾ, ಕಪ್ಪ ಅದ ಅಲ್ಲ?"

ಅವರ ಮನಸ್ಸು ನೋಯಬಾರದೆಂದು ಸುಳ್ಳು ಹೇಳಿದೆ ಎಂದು ಬರೆದರೆ ನೀವು ನನ್ನ ಬೆನ್ನು ತಟ್ಟುತ್ತೀರಿ. ಹಾಗೇನಿಲ್ಲ. ಈಗ ನೀಲಿ ಎಂದರೆ, ಶ್ರಾವಣದಿಂದ ಹೇಳಿದ್ದೆಲ್ಲ ಸುಳ್ಳು ಎನ್ನಬೇಕಾಗಿತ್ತು. ಪಳಗಿದ ಕಣ್ಣು ಎಂದದ್ದು, ಮೆಟ್ಟಿಲ ಮೇಲೆ 'ಕಂಡ್ವು' ಎಂದದ್ದು, ಎಲ್ಲ. ಹೆದರಿದೆ.

"ಕಪ್ಪ ಅದರಿ ಮಾವಶಿ," ಎಂದೆ. "ಕಾಡಿಗಿ."

"ಹಂಗಾರ ಸರಿ," ಎಂದು ಅವರು ಸೀರೆ ಮಡಚಲು ಕೈ ಚಾಚಿದರು.

ಬಾಗಿಲು ತೆರೆದೇ ಇತ್ತು. ಆ ದಿನ ಅರ್ಧ ರಜೆ ಹಾಕಿದ್ದ ಅವ್ವ, ಕೈಯಲ್ಲಿ ಎಳ್ಳಿನ ಪೊಟ್ಟಣ ಹಿಡಿದು, ಚಪ್ಪಲಿ ಕಳಚುತ್ತ ಒಳಗೆ ಬಂದಳು. ಚಾಪೆಯ ಮೇಲೆ ಅವಳ ಕಣ್ಣು ಬಿತ್ತು.

"ಅಯ್ಯ ಅಂಬಕ್ಕಾ," ಎಂದಳು, "ಈ ನೀಲಿ ಸೀರಿ ಯಾರಿಗ್ರಿ? ಭಾಳ ಛಂದ ಅದ."